ನಾಯಿ ತೇಕುತ್ತಲೇ ಇದೆ, ಬೆಕ್ಕು ಬಚ್ಚಲು ಬಿಟ್ಟು ಏಳುತ್ತಿಲ್ಲ: ಕಲಬುರಗಿಯ ಬೇಸಿಗೆಗೆ ಏನು ಮಾಡಬೇಕು?

ಪ್ರಶ್ನೆ: ಫೆಬ್ರವರಿ ಕೊನೆಯಲ್ಲಿ ಬೆಂಗಳೂರಿನಿಂದ ಕಲಬುರಗಿಗೆ ವರ್ಗವಾಗಿ ಬಂದಿದ್ದೇವೆ. ಮನೆಯಲ್ಲಿ 5 ವರ್ಷದ ಲ್ಯಾಬ್ರಡಾರ್ (34 ಕಿಲೋ) ಮತ್ತು 2 ವರ್ಷದ ಗಂಡು ನಾಟಿ ಬೆಕ್ಕು ಇವೆ. ಈಗ ಏಪ್ರಿಲ್. ನಾಯಿ ಫ್ಯಾನಿನ ಕೆಳಗೇ ಮಲಗಿದ್ದರೂ ಹಗಲೆಲ್ಲ ನಾಲಿಗೆ ಚಾಚಿ ತೇಕುತ್ತದೆ. ಬೆಕ್ಕು ಬಚ್ಚಲುಮನೆ ಬಿಟ್ಟು ಏಳುವುದಿಲ್ಲ, ನೀರು ಕುಡಿದದ್ದನ್ನು ನಾವು ನೋಡಿಯೇ ಇಲ್ಲ. ನಾಯಿಯ ಕೂದಲು ಬೋಳಿಸಿ ಅಂತ ಒಬ್ಬರು, ಮಾಂಸ ಮೊಟ್ಟೆ ಉಷ್ಣ, ನಿಲ್ಲಿಸಿ ಅಂತ ಇನ್ನೊಬ್ಬರು, ತಣ್ಣೀರು ಸುರಿದರೆ ಶಾಕ್ ಆಗುತ್ತದೆ ಅಂತ ಮತ್ತೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಮೂವರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಮೊದಲು ಆ ಫ್ಯಾನಿನ ವಿಷಯ ನೋಡೋಣ. ನಿಮ್ಮ ನಾಯಿಯ ಕಷ್ಟ ಇರುವುದೇ ಅಲ್ಲಿ.

ಫ್ಯಾನ್ ನಮಗೆ ತಂಪು ಅನ್ನಿಸುವುದು ನಮ್ಮ ಮೈತುಂಬ ಬೆವರು ಇರುವುದರಿಂದ. ಗಾಳಿ ಬೆವರನ್ನು ಆವಿ ಮಾಡುತ್ತದೆ, ಆವಿ ಮೈಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ನಾಯಿಗೂ ಬೆಕ್ಕಿಗೂ ಮೈ ತಣಿಸುವಂಥ ಬೆವರು ಬರುವುದು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ. ನಾಲ್ಕು ಪುಟ್ಟ ಅಂಗಾಲಿನಿಂದ 34 ಕಿಲೋ ಮೈ ಎಷ್ಟು ತಣ್ಣಗಾದೀತು? ಹಾಗಾಗಿ ಒಣ ಮೈಯ ನಾಯಿಗೆ ಫ್ಯಾನಿನಿಂದ ಸಿಗುವುದು ಬರೀ ಕೋಣೆಯ ಗಾಳಿ. ಕೋಣೆ 30 ಡಿಗ್ರಿ ಇದ್ದಾಗ ಅದೂ ಪರವಾಗಿಲ್ಲ, ಏಕೆಂದರೆ ನಾಯಿಯ ಮೈಬಿಸಿ ಸಹಜವಾಗಿಯೇ 38ರಿಂದ 39.2 ಡಿಗ್ರಿ, ಬಿಸಿ ಮೈಯಿಂದ ಗಾಳಿಗೆ ಹರಿಯುತ್ತದೆ. ಆದರೆ ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುವುದು ಮಾಮೂಲು. ಕೋಣೆಯ ಗಾಳಿಯೇ ನಾಯಿಯ ಮೈಗಿಂತ ಬಿಸಿಯಾದರೆ ಲೆಕ್ಕ ತಿರುಗಿತು: ಫ್ಯಾನ್ ಆಗ ಹೊರಗಿನ ಬಿಸಿಯನ್ನು ಮೈಗೆ ತಂದು ತುಂಬುತ್ತದೆ. ಉಳಿಯುವ ದಾರಿ ಒಂದೇ, ನೀರು ಆವಿಯಾಗಬೇಕು.

ನಾಯಿ ತೇಕಿ ಮಾಡುವ ಕೆಲಸವೂ ಅದೇ. ನಿದ್ದೆಯಲ್ಲಿ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುವ ನಾಯಿ ತೇಕುವಾಗ 300 ಸಲದವರೆಗೂ ಹೋಗುತ್ತದೆ. ಬಹುಪಾಲು ಗಾಳಿಯನ್ನು ಮೂಗಿನಿಂದ ಎಳೆದು ಬಾಯಿಂದ ಬಿಡುತ್ತದೆ. ಮೂಗಿನೊಳಗಿನ ಸುರುಳಿ ಎಲುಬುಗಳ ಮೇಲಿನ ಒದ್ದೆ ಪೊರೆ, ರಕ್ತ ತುಂಬಿ ಅಗಲವಾದ ನಾಲಿಗೆ, ಎರಡರಿಂದಲೂ ನೀರು ಆವಿಯಾಗಿ ಅಲ್ಲಿ ಹರಿಯುವ ರಕ್ತ ತಣಿಯುತ್ತದೆ. ಇಷ್ಟು ವೇಗವಾಗಿ ಉಸಿರಾಡಿದರೆ ಆ ದುಡಿಮೆಯಿಂದಲೇ ಮೈ ಇನ್ನಷ್ಟು ಕಾಯಬೇಕಿತ್ತಲ್ಲ? ಅದಕ್ಕೂ ವ್ಯವಸ್ಥೆ ಇದೆ. ಎದೆಗೂಡು ಮತ್ತು ಶ್ವಾಸಕೋಶ ಸ್ಪ್ರಿಂಗಿನಂತೆ ತಾವಾಗಿಯೇ ಹಿಗ್ಗಿ ಕುಗ್ಗುವ ಲಯ ಒಂದಿದೆ, ನಾಯಿ ತೇಕುವುದು ಸರಿಯಾಗಿ ಆ ಲಯಕ್ಕೇ. ಜೋಕಾಲಿಯನ್ನು ಅದರ ಲಯಕ್ಕೆ ತಕ್ಕಂತೆ ನೂಕಿದರೆ ಬೆರಳು ಸಾಕಾಗುತ್ತದಲ್ಲ, ಹಾಗೆ.

ಒಂದು ಚಿಕ್ಕ ಲೆಕ್ಕ. ನಿಮ್ಮ ಲ್ಯಾಬ್ರಡಾರಿನ ಮೈ 1 ಡಿಗ್ರಿ ಇಳಿಯಬೇಕಾದರೆ ಸುಮಾರು 50 ಮಿಲಿಲೀಟರ್ ನೀರು ಆವಿಯಾಗಬೇಕು. ಪೂರ್ತಿ ನಾಲಿಗೆ ಮೂಗಿನಿಂದಲೇ ಹೋಗಬೇಕಾದರೆ ಅದು ತುಂಬ ಹೊತ್ತಿನ ಕೆಲಸ. ಅಷ್ಟೇ ನೀರನ್ನು ಅದರ ಹೊಟ್ಟೆಗೂ ತೊಡೆಸಂದಿಗೂ ನೀವು ಹಚ್ಚಿ ಫ್ಯಾನ್ ಹಾಕಿದರೆ ಅರ್ಧ ಭಾರ ನೀವು ಹೊತ್ತಂತೆ. ಈಗ ಫ್ಯಾನಿಗೆ ಅರ್ಥ ಬಂತು.

ಹಚ್ಚುವುದರಲ್ಲೂ ಒಂದು ಕ್ರಮವಿದೆ. ಲ್ಯಾಬ್ರಡಾರಿನದು ಎರಡು ಪದರದ, ಎಣ್ಣೆಯಂಶವಿರುವ ತುಪ್ಪಳ. ಬೆನ್ನ ಮೇಲೆ ತಂಬಿಗೆಯಿಂದ ಸುರಿದ ನೀರು ಮೇಲಿನ ಕೂದಲ ಮೇಲೆ ಜಾರಿ ನೆಲಕ್ಕೆ ಬೀಳುತ್ತದೆ, ಒಳಗಿನ ಚರ್ಮ ಒಣಗಿಯೇ ಇರುತ್ತದೆ. ಒದ್ದೆ ಕೈಯ ಬೆರಳುಗಳನ್ನು ಕೂದಲಿನ ಎದುರು ದಿಕ್ಕಿಗೆ ಆಡಿಸಿ, ಚರ್ಮ ತಣ್ಣಗೆ ತಾಕುವವರೆಗೆ ತಿಕ್ಕಿ. ಹೊಟ್ಟೆ, ಕಂಕುಳು, ತೊಡೆಸಂದು, ಕಿವಿಯ ಒಳಮೈ, ಪಾದ: ಕೂದಲು ತೆಳ್ಳಗಿರುವ ಈ ಜಾಗಗಳಿಂದ ಶುರುಮಾಡಿ. ಮಧ್ಯಾಹ್ನ 12ರಿಂದ 5ರ ನಡುವೆ ಗಂಟೆಗೊಮ್ಮೆ ಮಾಡಿದರೆ ಸಾಕು. ಇನ್ನೂ ಸುಲಭದ ದಾರಿ ಬೇಕೆಂದರೆ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ 3-4 ಇಂಚು ನೀರು ಬಿಟ್ಟು ನೆರಳಲ್ಲಿಡಿ. ಲ್ಯಾಬ್ರಡಾರ್ ತಾನೇ ಹೋಗಿ ಹೊಟ್ಟೆ ಊರಿ ಕೂರುತ್ತದೆ. ರಾತ್ರಿ ಮಾತ್ರ ತುಪ್ಪಳ ಪೂರ್ತಿ ಒಣಗಲಿ, ಕತ್ತಿನ ಪಟ್ಟಿ ತೆಗೆದಿಡಿ. ಸದಾ ಒದ್ದೆಯಿದ್ದರೆ ಕಿವಿಯೊಳಗೂ ಪಟ್ಟಿಯ ಕೆಳಗೂ ಚರ್ಮ ಕೊಳೆತು ಹುಣ್ಣಾಗುತ್ತದೆ.

ಯಾವ ನೀರು ಅನ್ನುವುದೂ ಮುಖ್ಯ. ಟೆರೇಸಿನ ಕಪ್ಪು ಟ್ಯಾಂಕಿನಿಂದ ಮಧ್ಯಾಹ್ನ ಬರುವ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ ಇರುತ್ತದೆ. ನಲ್ಲಿ ತಿರುಗಿಸಿ ಪೈಪನ್ನು ನೇರ ನಾಯಿಯ ಮೈಗೆ ಹಿಡಿಯಬೇಡಿ, ಅಂಗಳದಲ್ಲಿ ಬಿಸಿಲಿಗೆ ಬಿದ್ದ ಪೈಪಿನೊಳಗಿನ ಮೊದಲ ನೀರಂತೂ ಸುಡುತ್ತದೆ. ನೆಲದೊಳಗಿನ ಸಂಪಿನಿಂದ ಎತ್ತಿ, ಇಲ್ಲವೇ ಬೆಳಿಗ್ಗೆಯೇ ಎರಡು ಬಕೆಟ್ ತುಂಬಿ ಒಳಗಿಡಿ. ಈ ಎರಡು ಬಕೆಟ್ ಬೇಸಿಗೆ ಮುಗಿಯುವವರೆಗೂ ಖಾಲಿಯಾಗದಿರಲಿ, ಕಾರಣ ಮುಂದೆ ಬರುತ್ತದೆ.

ಇನ್ನು ನಾಯಿಯನ್ನು ಎಲ್ಲಿ ಮಲಗಿಸುವುದು? ಮೇಲ್ಮಹಡಿಯ ಕೋಣೆ ಬೇಡ. ದಿನವಿಡೀ ಕಾದ ಆರ್‌ಸಿಸಿ ಸ್ಲ್ಯಾಬು ರಾತ್ರಿ ಹೊತ್ತಾಗುವವರೆಗೂ ಕೆಳಗೆ ಬಿಸಿ ಕಾರುತ್ತಲೇ ಇರುತ್ತದೆ. ತಗಡಿನ ಶೀಟಿನ ಕೆಳಗಿನ ಗೂಡಂತೂ ಒಲೆಯೇ. ಬೇರೆ ದಾರಿ ಇಲ್ಲದಿದ್ದರೆ ತಗಡಿನ ಮೇಲೆ ಗೋಣಿಚೀಲ ಹೊದಿಸಿ ನೀರು ಚಿಮುಕಿಸುತ್ತಿರಿ. ನಿಮ್ಮ ಊರಿಗೆ ಒಂದು ಅನುಕೂಲ ಇದೆ, ಬಹುತೇಕ ಹಳೇ ಮನೆಗಳ ನೆಲಕ್ಕೆ ಶಹಾಬಾದ್ ಫರಸಿ ಹಾಸಿರುತ್ತಾರೆ. ನೆಲಮಹಡಿಯ, ಬಿಸಿಲು ಬೀಳದ ಫರಸಿ ನೆಲದ ಮುಂದೆ ಅಂಗಡಿಯ ಕೂಲಿಂಗ್ ಮ್ಯಾಟ್ ಏನೇನೂ ಅಲ್ಲ. ಅದರ ಮೇಲಿನ ದಪ್ಪ ಹಾಸಿಗೆ ತೆಗೆದುಬಿಡಿ. ಅಂಗಳದಲ್ಲಿ ನಾಯಿ ಗುಂಡಿ ತೋಡಿದರೆ ಗದರಿಸಬೇಡಿ. ಒಂದಡಿ ಕೆಳಗಿನ ಮಣ್ಣು ತಂಪು ಅಂತ ಅದಕ್ಕೆ ಗೊತ್ತು.

ಕೂಲರ್ ಕಲಬುರಗಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕಿಟಕಿ ತೆರೆದಿದ್ದರೆ. 42 ಡಿಗ್ರಿ ಬಿಸಿ, ಶೇ. 20 ತೇವಾಂಶ ಇರುವ ಗಾಳಿಯಲ್ಲಿ ಒದ್ದೆ ಬಟ್ಟೆ ಸುಮಾರು 24 ಡಿಗ್ರಿಯವರೆಗೂ ತಣಿಯಬಲ್ಲದು. ಮಂಗಳೂರಿನಂಥ ಕಡೆ 34 ಡಿಗ್ರಿ, ಶೇ. 70 ತೇವಾಂಶ ಇದ್ದರೆ ಅದೇ ಬಟ್ಟೆ 29ಕ್ಕಿಂತ ಕೆಳಗಿಳಿಯುವುದಿಲ್ಲ. ನಾಯಿಯ ನಾಲಿಗೆಯೂ ಒಂದು ಒದ್ದೆ ಬಟ್ಟೆಯೇ. ಕರಾವಳಿಯ 34 ಡಿಗ್ರಿಯನ್ನು ಹಗುರವಾಗಿ ಎಣಿಸಬಾರದು ಅನ್ನುವುದು ಅದಕ್ಕೇ. ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಾಕಿದರೆ ನೀವೇ ಕೋಣೆಯೊಳಗೆ ಮಂಗಳೂರನ್ನು ತಂದುಕೊಂಡಂತೆ.

ಕೂದಲು ಬೋಳಿಸಬೇಡಿ. ಲ್ಯಾಬ್ರಡಾರಿನ ತುಪ್ಪಳ ಹೊರಗಿನ ಬಿಸಿಯನ್ನೂ ತಡೆಯುತ್ತದೆ; ಬೋಳಿಸಿದರೆ ಚರ್ಮ ಬಿಸಿಲಿಗೆ ಸುಡುತ್ತದೆ, ಕೂದಲು ಮತ್ತೆ ಬರುವಾಗ ತೇಪೆ ತೇಪೆಯಾಗಿ ಬರಬಹುದು. ತೆಗೆಯಬೇಕಾದದ್ದು ಒಳಪದರದ ಸತ್ತ ಕೂದಲನ್ನು. ದಿನಕ್ಕೆ 10 ನಿಮಿಷ ರಬ್ಬರ್ ಬ್ರಷ್‌ನಿಂದ ಬಾಚಿ, ಮೊದಲ ವಾರ ಕೈತುಂಬ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕೂದಲಿನ ಕೆಳಗಿನ ಕೊಬ್ಬು. ಪಕ್ಕೆಯ ಮೇಲೆ ಅಂಗೈ ಹಗುರವಾಗಿ ಸವರಿದಾಗ ಎಲುಬು ಬೆರಳಿಗೆ ಸಿಗಬೇಕು, ಒತ್ತಿ ಹುಡುಕುವಂತಿರಬಾರದು. ಲ್ಯಾಬ್ರಡಾರಿಗೆ 34 ಕಿಲೋ ಕೆಲವೊಮ್ಮೆ ಸರಿ, ಹಲವೊಮ್ಮೆ ಜಾಸ್ತಿ; ಹೆಣ್ಣಾದರೆ ಬಹುಶಃ ಜಾಸ್ತಿ.

ಈಗ ವಾಕಿಂಗ್. ಬಿಸಿಲ ಝಳದಿಂದ ನಾಯಿ ಕುಸಿಯುವುದು ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಬಾಗಿಲು ಹಾಕಿದ ಕಾರು. ಕಾರು ಅಪಾಯವೇ, ಅನುಮಾನ ಬೇಡ. ಹತ್ತು ನಿಮಿಷಕ್ಕೆ ಒಳಗಿನ ಬಿಸಿ ಸುಮಾರು 10 ಡಿಗ್ರಿ ಏರುತ್ತದೆ, ಗಾಜು ಎರಡು ಬೆರಳು ಇಳಿಸಿದರೆ ಹೆಚ್ಚೇನೂ ಉಪಯೋಗವಿಲ್ಲ. ಆದರೆ 2020ರಲ್ಲಿ ಬ್ರಿಟನ್ನಿನ ಪಶುವೈದ್ಯರ ದಾಖಲೆಗಳನ್ನು ಜಾಲಾಡಿದ ಅಧ್ಯಯನದಲ್ಲಿ, ಕಾರಣ ಗೊತ್ತಿದ್ದ ಪ್ರಕರಣಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಓಟ, ಆಟ, ವಾಕಿಂಗಿನಿಂದ ಆದವು. ವಾಹನದೊಳಗೆ ಆದವು ಶೇ. 5ರ ಆಸುಪಾಸು. ಬ್ರಿಟನ್ನಿನಂಥ ತಂಪು ದೇಶದ ಕಥೆಯೇ ಇದು. ಓಡುವ ಸ್ನಾಯು ಸುಡುವ ಶಕ್ತಿಯ ಬಹುಪಾಲು ಬಿಸಿಯಾಗಿಯೇ ಹೊರಬರುತ್ತದೆ, ಮತ್ತು ಲ್ಯಾಬ್ರಡಾರ್ ತಾನಾಗಿ ಆಟ ನಿಲ್ಲಿಸುವ ಜಾತಿಯಲ್ಲ. ನೀವು ಚೆಂಡು ಎಸೆಯುತ್ತಿರುವವರೆಗೂ ಅದು ತಂದು ಕೊಡುತ್ತದೆ, ಬೀಳುವವರೆಗೂ. ಜೂನ್‌ವರೆಗೆ ಚೆಂಡನ್ನು ಅಟ್ಟಕ್ಕೆ ಹಾಕಿ.

ವಾಕಿಂಗ್ ಬೆಳಿಗ್ಗೆ ಆರೂವರೆಯೊಳಗೆ ಮುಗಿಯಲಿ, 20 ನಿಮಿಷ ಸಾಕು. ಸಂಜೆಯದು ಮೋಸದ ಹೊತ್ತು: ಗಾಳಿ ತಣ್ಣಗಾಗಿರುತ್ತದೆ, ಡಾಂಬರು ಆಗಿರುವುದಿಲ್ಲ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ 7 ಸೆಕೆಂಡ್ ಹಿಡಿಯಿರಿ. ನಿಮಗೆ ಆಗದಿದ್ದರೆ ಅದರ ಪಾದಕ್ಕೂ ಆಗದು. ಬಾಯಿಗೆ ಬಿಗಿಯುವ ಬಟ್ಟೆಯ ಕುಕ್ಕೆ ಕಟ್ಟಿ ಕರೆದೊಯ್ಯುವುದಂತೂ ಬೇಡವೇ ಬೇಡ. ಬಾಯಿ ಮುಚ್ಚಿದ ನಾಯಿ ತೇಕಲಾರದು. ಕಟ್ಟಲೇಬೇಕಾದರೆ ಒಳಗೆ ಬಾಯಿ ಪೂರ್ತಿ ತೆರೆಯಬಹುದಾದ ಬುಟ್ಟಿಯಂಥ ಕುಕ್ಕೆ ತನ್ನಿ.

ಹೊಸ ಊರಿನ ಬಿಸಿಗೆ ದೇಹ ಹೊಂದಿಕೊಳ್ಳಲು ಕೆಲವು ವಾರಗಳು, ಪೂರ್ತಿ ಹೊಂದಲು ಎರಡು ತಿಂಗಳವರೆಗೂ ಬೇಕು. ಪಕ್ಕದ ಮನೆಯ ನಾಯಿ ಬಿಸಿಲಲ್ಲೇ ತಿರುಗುತ್ತದಲ್ಲ ಅಂತ ಹೋಲಿಸಬೇಡಿ, ಅದು ಹುಟ್ಟಿ ಬೆಳೆದದ್ದೇ ಇಲ್ಲಿ. ಪಗ್, ಫ್ರೆಂಚ್ ಬುಲ್‌ಡಾಗ್, ಶಿಟ್ಸು, ಪರ್ಷಿಯನ್ ಬೆಕ್ಕು ಸಾಕಿರುವವರು ಇಲ್ಲಿ ಹೇಳಿದ ಎಲ್ಲದರಲ್ಲೂ ಇನ್ನಷ್ಟು ಬಿಗಿಯಾಗಿರಬೇಕು. ಮೋಟು ಮೂಗಿನಲ್ಲಿ ಆವಿಯಾಗುವ ಜಾಗವೇ ಇಲ್ಲ, ಇದ್ದಷ್ಟು ದಾರಿಯೂ ಇಕ್ಕಟ್ಟು. ಅವಕ್ಕೆ ಎ.ಸಿ. ಸೋಮಾರಿಗಳ ಸೌಕರ್ಯವಲ್ಲ, ಔಷಧಿ.

ನೀರು, ಊಟ. ನಾಯಿಗೆ ಕಿಲೋಗೆ 50-60 ಮಿಲಿಲೀಟರ್ ಲೆಕ್ಕದಲ್ಲಿ ನಿಮ್ಮದಕ್ಕೆ ದಿನಕ್ಕೆ ಸುಮಾರು 2 ಲೀಟರ್ ಬೇಕು, ಈ ಬಿಸಿಲಿಗೆ ಅದು 3 ದಾಟಿದರೆ ಗಾಬರಿ ಬೇಡ. ಮಣ್ಣಿನ ಅಗಲ ಪಾತ್ರೆ ಒಳ್ಳೆಯದು, ಎರಡು ಕಡೆ ಇಡಿ, ಒಂದು ಉರುಳಿಬಿದ್ದರೆ ಇನ್ನೊಂದಿರುತ್ತದೆ. ಐಸ್ ತಿಂದರೆ ಹೊಟ್ಟೆ ಉಬ್ಬಿ ಸಾಯುತ್ತದೆ ಅನ್ನುವ ಮಾತಿಗೆ ಆಧಾರವಿಲ್ಲ, ನೀರಿಗೆ ಎರಡು ತುಂಡು ಹಾಕಿ. ಉಪ್ಪಿಲ್ಲದ ತೆಳು ಮಜ್ಜಿಗೆ ಒಂದು ಲೋಟ ಕೊಡಬಹುದು. ಒಗ್ಗರಣೆ, ಈರುಳ್ಳಿ, ಬೆಳ್ಳುಳ್ಳಿ ಇರಬಾರದು. ಬೀಜ ಸಿಪ್ಪೆ ತೆಗೆದ ಕಲ್ಲಂಗಡಿ ಸರಿ. ದ್ರಾಕ್ಷಿ, ಒಣದ್ರಾಕ್ಷಿ ಬೇಡ, ನಾಯಿಯ ಮೂತ್ರಪಿಂಡಕ್ಕೆ ವಿಷ.

ಮಾಂಸ ಮೊಟ್ಟೆ ಉಷ್ಣ ಎಂದು ಬೇಸಿಗೆಯಿಡೀ ಮೊಸರನ್ನ ಹಾಕುವವರು ತುಂಬ ಮಂದಿ. ಯಾವ ಊಟ ಜೀರ್ಣವಾಗುವಾಗಲೂ ಒಂದಿಷ್ಟು ಬಿಸಿ ಹುಟ್ಟುತ್ತದೆ, ಅದಕ್ಕೆ ಊಟ ಬದಲಿಸಬೇಕಿಲ್ಲ, ಹೊತ್ತು ಬದಲಿಸಿದರೆ ಆಯಿತು: ಬೆಳಗಿನ ಜಾವ ಒಂದು, ರಾತ್ರಿ ಎಂಟರ ಮೇಲೆ ಒಂದು. ನಾಯಿ ಮೊಸರನ್ನದಲ್ಲಿ ಹೇಗೋ ದಿನ ದೂಡುತ್ತದೆ. ಬೆಕ್ಕು ದೂಡಲಾರದು. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಸಿಗುವುದು ಮಾಂಸ ಮೀನಿನಿಂದ. ಅದಿಲ್ಲದೆ ತಿಂಗಳುಗಟ್ಟಲೆ ಕಳೆದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ.

ಬೆಕ್ಕಿನ ವಿಷಯಕ್ಕೆ ಬರೋಣ. ಬಚ್ಚಲ ನೆಲದ ಮೇಲೆ ಉದ್ದಕ್ಕೆ ಚಾಚಿ ಮಲಗುವುದು ಕಾಯಿಲೆಯಲ್ಲ, ಜಾಣತನ. ಸಾಕುಬೆಕ್ಕಿನ ಪೂರ್ವಜರು ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕುಗಳು. ಹಗಲು ಅಲ್ಲಾಡದಿರುವುದು, ಕತ್ತಲಾದ ಮೇಲೆ ಏಳುವುದು, ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುವುದು ಎಲ್ಲ ಅಲ್ಲಿಂದ ಬಂದದ್ದು. ಬೆಕ್ಕು ನಾಯಿಯ ಹಾಗೆ ತೇಕುವುದಿಲ್ಲ, ಜೊಲ್ಲನ್ನು ಮೈಗೆ ಹಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮೈ ನೆಕ್ಕುವುದು ಜಾಸ್ತಿಯಾಗುವುದು ಅದಕ್ಕೇ. ನಾಯಿಗೆ ನೀವು ಕೈಯಾರೆ ಮಾಡಿದ್ದನ್ನು ಅದು ನಾಲಿಗೆಯಲ್ಲಿ ಮಾಡಿಕೊಳ್ಳುತ್ತದೆ. ನೆರವಾಗಬೇಕೆಂದರೆ ಒದ್ದೆ ಬಟ್ಟೆಯಿಂದ ತಲೆ, ಕಿವಿ, ಬೆನ್ನು, ಪಾದ ಒರೆಸಿ. ಟಬ್ಬಿಗೆ ಇಳಿಸಲು ಹೋಗಬೇಡಿ, ಒದ್ದಾಡಿ ಇನ್ನಷ್ಟು ಕಾಯುತ್ತದೆ.

ಸುಮ್ಮನೆ ಮಲಗಿರುವ ಬೆಕ್ಕು ಬಾಯಿ ತೆರೆದು ಉಸಿರಾಡತೊಡಗಿದರೆ ಮಾತ್ರ ತಡಮಾಡಬೇಡಿ. ಓಡಿಯೋ ಹೆದರಿಯೋ ಒಂದೆರಡು ನಿಮಿಷ ತೇಕಿದರೆ ಬೇರೆ ಮಾತು. ಕಾರಣವಿಲ್ಲದೆ ತೇಕುವ ಬೆಕ್ಕಿಗೆ ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇರಬಹುದು, ಇಲ್ಲವೇ ಮೈ ಮಿತಿ ಮೀರಿ ಕಾದಿದೆ. ಬೆಕ್ಕಿಗೆ ಬಿಸಿ ಬಡಿಯುವುದು ಹೆಚ್ಚಾಗಿ ಎಲ್ಲೋ ಸಿಕ್ಕಿಹಾಕಿಕೊಂಡಾಗ. ಟೆರೇಸಿನ ಕೋಣೆ, ಬೀರು, ವಾಷಿಂಗ್ ಮಷಿನ್, ಕಾರು ಮುಚ್ಚುವ ಮೊದಲು ಒಮ್ಮೆ ಒಳಗೆ ನೋಡುವ ರೂಢಿ ಮಾಡಿಕೊಳ್ಳಿ.

ನೀರು ಕುಡಿದದ್ದು ನೋಡಿಲ್ಲ ಅಂದಿರಿ. 4 ಕಿಲೋ ಬೆಕ್ಕಿಗೆ ಊಟದ ನೀರೂ ಸೇರಿ ದಿನಕ್ಕೆ ಸುಮಾರು 200 ಮಿಲಿಲೀಟರ್ ಬೇಕು. ಬೇಯಿಸಿದ ಕೋಳಿ 100 ಗ್ರಾಂ ಕೊಟ್ಟರೆ ಅದರಲ್ಲೇ 65ರಷ್ಟು ಬಂತು; ಒಣ ಕಾಳಿನಂಥ ಆಹಾರದಲ್ಲಿ ನೂರಕ್ಕೆ ಹತ್ತೂ ಇರುವುದು ಕಷ್ಟ. ಒಣ ಆಹಾರವನ್ನೇ ಹಾಕುತ್ತಿದ್ದರೆ ಬೇಸಿಗೆಗೆ ಅರ್ಧ ಕಡಿಮೆ ಮಾಡಿ, ಉಪ್ಪು ಮಸಾಲೆಯಿಲ್ಲದೆ ಬೇಯಿಸಿದ ಮೀನು ಅಥವಾ ಕೋಳಿಯನ್ನು ಬೇಯಿಸಿದ ನೀರಿನ ಸಮೇತ ಕೊಡಿ. ನೀರಿನ ಬಟ್ಟಲು ಅಗಲವಾಗಿರಲಿ, ಊಟದ ತಟ್ಟೆಯಿಂದಲೂ ಮಲದ ಡಬ್ಬಿಯಿಂದಲೂ ದೂರವಿರಲಿ. ಮೂರು ಕಡೆ ಇಡಿ, ಒಂದು ಅದರ ಬಚ್ಚಲಲ್ಲೇ.

ಇಷ್ಟು ಒತ್ತಿ ಹೇಳುವುದು ನಿಮ್ಮದು ಗಂಡು ಬೆಕ್ಕು ಅನ್ನುವ ಕಾರಣಕ್ಕೆ. ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದರೆ ಗಂಡು ಬೆಕ್ಕಿನ ಕಿರಿದಾದ ಮೂತ್ರನಾಳ ಹರಳಿನಿಂದ, ಲೋಳೆಯಿಂದ ಕಟ್ಟಿಕೊಳ್ಳುತ್ತದೆ. ಡಬ್ಬಿಗೆ ಪದೇ ಪದೇ ಹೋಗಿ ಕೂತು ತಿಣುಕುತ್ತದೆ, ಕೂಗುತ್ತದೆ, ಬರುವುದು ಒಂದೆರಡು ಹನಿ ಅಷ್ಟೇ. ಮನೆಯವರು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತಾ ಒಂದು ದಿನ ಕಳೆಯುತ್ತಾರೆ. ಆ ಒಂದು ದಿನದಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಮರಳಿನಲ್ಲಿ ದಿನಕ್ಕೆ ಎರಡು ಮೂರು ಒದ್ದೆ ಗಡ್ಡೆ ಸಿಗುತ್ತಿವೆಯೇ ಎಂದು ನೋಡಿ. ಸಿಕ್ಕರೆ ನೀವು ನೋಡದಿದ್ದಾಗ ಅದು ಕುಡಿಯುತ್ತಿದೆ.

ಇನ್ನು ನಾಯಿ ತೇಕುವುದು ಯಾವಾಗ ಮಾಮೂಲು, ಯಾವಾಗ ಅಲ್ಲ? ಮೈ ಒದ್ದೆ ಮಾಡಿ ತಂಪು ಜಾಗದಲ್ಲಿ ಮಲಗಿಸಿದ 10-15 ನಿಮಿಷಕ್ಕೆ ಇಳಿಯಬೇಕು. ಇಳಿಯದಿದ್ದರೆ ಥರ್ಮಾಮೀಟರ್ ಹಾಕಿ. ಮನುಷ್ಯರ ಡಿಜಿಟಲ್ ಥರ್ಮಾಮೀಟರೇ ಸಾಕು, ತುದಿಗೆ ವ್ಯಾಸಲೀನ್ ಹಚ್ಚಿ ಗುದದೊಳಗೆ 2 ಸೆಂಟಿಮೀಟರ್. ನಮ್ಮಲ್ಲಿ ಸಿಗುವವು ಹೆಚ್ಚಾಗಿ ಫ್ಯಾರನ್‌ಹೀಟ್‌ನವು: 100.5ರಿಂದ 102.5 ನಾಯಿಗೆ ಸಹಜ, ಜ್ವರವಲ್ಲ. 104 ದಾಟಿದರೆ ತಣಿಸಲು ಶುರುಮಾಡಿ. 106 ಅಂದರೆ ಜೀವಕ್ಕೆ ಕುತ್ತು. ಬಿಸಿಲಿಗೂ ಹೋಗಿಲ್ಲ, ಆಟವೂ ಆಡಿಲ್ಲ, ರಾತ್ರಿ ತಂಪಿನಲ್ಲೂ 104 ಇದೆ, ಊಟ ಬಿಟ್ಟಿದೆ ಎಂದಾದರೆ ಅದು ಉಣ್ಣಿಹುಳು ಕಚ್ಚಿ ಬಂದ ಜ್ವರ ಇರಬಹುದು. ಅದಕ್ಕೆ ರಕ್ತಪರೀಕ್ಷೆ ಬೇಕು, ನೀರು ಸುರಿಯುವುದಲ್ಲ. ಎರಡರಲ್ಲಿ ಯಾವುದೇ ಆಗಲಿ, ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ. ಬಿಸಿಲಿಗೆ ಕಾದ ಮೈಯನ್ನು ಅದು ಇಳಿಸುವುದಿಲ್ಲ, ಬೆಕ್ಕನ್ನಂತೂ ಒಂದು ಮಾತ್ರೆಯೇ ಕೊಲ್ಲುತ್ತದೆ.

ನಾಲಿಗೆ ಸೌಟಿನಂತೆ ಅಗಲವಾಗಿ ಜೋತುಬಿದ್ದಿದೆ, ಜೊಲ್ಲು ಅಂಟಂಟಾಗಿದೆ, ವಸಡು ಇಟ್ಟಿಗೆಯಂತೆ ಕೆಂಪಾಗಿದೆ, ಹಿಂಗಾಲು ತಡವರಿಸುತ್ತಿದೆ, ವಾಂತಿ: ಇಷ್ಟು ಕಂಡರೆ ಥರ್ಮಾಮೀಟರ್ ಹುಡುಕುತ್ತಾ ಕೂರಬೇಡಿ. ಆ ಎರಡು ಬಕೆಟ್ ಇದಕ್ಕೇ. ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ನೆರಳಿಗೆ ಎಳೆದು ಮಗ್ಗಿನಿಂದ ಬಿಡದೆ ಸುರಿಯುತ್ತಾ, ಇನ್ನೊಬ್ಬರು ಚರ್ಮಕ್ಕೆ ತಾಕುವಂತೆ ತಿಕ್ಕುತ್ತಾ, ಫ್ಯಾನ್ ಹಾಕಿ. ಫ್ಯಾನ್ ಇಲ್ಲದಿದ್ದರೆ ರಟ್ಟಿನಿಂದ ಬೀಸಿ. ತಣ್ಣೀರು ಸುರಿದರೆ ರಕ್ತನಾಳ ಮುದುರಿ ಶಾಕ್ ಆಗುತ್ತದೆ ಎಂದು ಹಿಂದೆ ಪುಸ್ತಕಗಳಲ್ಲೂ ಇತ್ತು, ಈಗಿನ ತಿಳಿವಳಿಕೆ ಹಾಗಿಲ್ಲ. ಗಟ್ಟಿಮುಟ್ಟಾದ ನಾಯಿಯನ್ನು ತಣ್ಣೀರಿನ ಟಬ್ಬಿಗೇ ಇಳಿಸಬಹುದು, ತಲೆಯನ್ನು ನೀರಿನಿಂದ ಮೇಲೆ ಎತ್ತಿ ಹಿಡಿದುಕೊಂಡಿರಬೇಕು. ವಯಸ್ಸಾದ, ಹೃದಯದ ತೊಂದರೆಯಿರುವ ನಾಯಿಗೆ ನೀರು ಮತ್ತು ಗಾಳಿ. ನಿಮಿಷಗಳು ಕಳೆದಷ್ಟೂ ಒಳಗಿನ ಅಂಗಗಳು ಬೇಯುತ್ತಿರುತ್ತವೆ, ನೀರಿನ ತಂಪು ಎಷ್ಟಿರಬೇಕು ಎಂದು ಅಳೆಯುವ ಹೊತ್ತಲ್ಲ ಅದು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒದ್ದೆ ಟವೆಲ್ ಹೊದಿಸುವುದು. ಎರಡು ನಿಮಿಷದಲ್ಲಿ ಟವೆಲ್ ಮೈಬಿಸಿಗೆ ಬಂದು, ಆವಿ ಹೊರಹೋಗದಂತೆ ಕಂಬಳಿಯಾಗಿ ಕೂರುತ್ತದೆ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. 103ಕ್ಕೆ ಬಂದ ಕೂಡಲೇ ಸುರಿಯುವುದು ನಿಲ್ಲಿಸಿ. ಮುಂದುವರಿಸಿದರೆ ಬೇಕಾದ್ದಕ್ಕಿಂತ ಕೆಳಗೆ ಜಾರುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಒಬ್ಬರು ಪಶುವೈದ್ಯರಿಗೆ ಫೋನ್ ಮಾಡಿ ಕಾರಿನ ಎ.ಸಿ. ಹಾಕಿಟ್ಟಿರಲಿ, ಒದ್ದೆ ಮೈಯಲ್ಲೇ ಕರೆದೊಯ್ಯಿರಿ.

ಎದ್ದು ಬಾಲ ಅಲ್ಲಾಡಿಸಿತು, ಇನ್ನು ಆಸ್ಪತ್ರೆ ಯಾಕೆ ಅನ್ನಬೇಡಿ. ಮೂತ್ರಪಿಂಡ, ಯಕೃತ್ತು, ಕರುಳಿನ ಹಾನಿ, ರಕ್ತ ಹೆಪ್ಪುಗಟ್ಟುವುದರಲ್ಲಿನ ಏರುಪೇರು ಒಂದರಿಂದ ಮೂರು ದಿನದಲ್ಲಿ ಹೊರಬೀಳುತ್ತವೆ. ಅವತ್ತೇ ಒಮ್ಮೆ, ಮರುದಿನ ಮತ್ತೊಮ್ಮೆ ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ ಮಾಡಿಸಿ. ಮಲದಲ್ಲಿ ರಕ್ತ, ವಸಡಿನ ಮೇಲೆ ಚುಕ್ಕೆ, ಕಂದು ಬಣ್ಣದ ಮೂತ್ರ ಕಂಡರೆ ರಾತ್ರಿಯಾದರೂ ಹೊರಡಿ. ಒಮ್ಮೆ ಬಿಸಿ ಬಡಿದ ನಾಯಿಗೆ ಮತ್ತೆ ಬಡಿಯುವುದು ಸುಲಭ.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಸಂಜೆ ನಾಯಿಯನ್ನು ಓಡಿಸಲು ಕರೆದೊಯ್ಯುವ ಆಸೆಯಾಗುತ್ತದೆ. ಒಂದು ವಾರ ತಡೆಯಿರಿ. ಬಿಸಿ ಇಳಿಯುವ ಮೊದಲೇ ತೇವ ಏರಿರುತ್ತದೆ, ಏಪ್ರಿಲ್‌ನ ಒಣಗಾಳಿಯಲ್ಲಿ ಆವಿಯಾದಷ್ಟು ನೀರು ಅದರ ನಾಲಿಗೆಯಿಂದ ಆಗ ಆವಿಯಾಗುವುದಿಲ್ಲ. ಕೂಲರಿಗೆ ನೀರು ಹಾಕುವುದನ್ನೂ ಆ ದಿನದಿಂದ ನಿಲ್ಲಿಸಿ, ಬರೀ ಗಾಳಿ ಬಿಡಿ.